ಖಾಲಿ ಎಂದು ಬರೆದ ಸೀಡಿಗಳು

ದಾನ್ಯೂಬ್ ನದಿಯಿಂದ ಒಂದು ಗಂಟೆ ದಾರಿಯ ಆ ಊರಿನ ಪಾಲಿಕ್ಲಿನಿಕ್ಕಿನಲ್ಲಿ ನಲವತ್ತಾರು ಕಂಪ್ಯೂಟರುಗಳಿದ್ದವು. ಅವನ್ನೆಲ್ಲ ನೋಡಿಕೊಳ್ಳಲು ಇದ್ದವಳು ವೆನೆತಾ ಒಬ್ಬಳೇ. ಇನ್ನೊಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದು ಐದು ವರ್ಷದಿಂದ ಹೇಳುತ್ತಲೇ ಇದ್ದರು, ಅವಳೂ ಕೇಳುವುದನ್ನು ಬಿಟ್ಟಿದ್ದಳು. ಅವಳ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ, ಬಿಸಿನೀರಿನ ಕೊಳವೆಗಳ ಕೆಳಗೆ. ಮೇಲೆ ನಾಲ್ಕು ಅಂತಸ್ತು. ಲಿಫ್ಟು ವಾರದಲ್ಲಿ ಎರಡು ದಿನ ಓಡಿದರೆ ದೊಡ್ಡದು. ಫೋನು ಮಾತ್ರ ಒಂದು ದಿನವೂ ಕೆಟ್ಟಿದ್ದಿಲ್ಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ವೆನೆತಾ, ಮೌಸು ಮುಷ್ಕರ ಹೂಡಿದರೂ ವೆನೆತಾ, ಹಲ್ಲಿನ ಡಾಕ್ಟರ ಕೋಣೆಯ ಬಲ್ಬು ಹೋದರೂ ವೆನೆತಾ. ಅವಳಿಗೆ ವಯಸ್ಸು ನಲವತ್ತೊಂಬತ್ತು, ಅವಳ ಮಂಡಿಗಳಿಗೆ ಇನ್ನೂ ಹತ್ತು ವರ್ಷ ಹೆಚ್ಚು.

ಆ ವರ್ಷದ ಏಪ್ರಿಲ್‌ನಲ್ಲಿ ನೋಂದಣಿ ಕಿಟಕಿಯ ಹುಡುಗಿಯೊಬ್ಬಳು ತನ್ನ ಚಿಕ್ಕಪ್ಪನ ಮಗಳ ಮದುವೆಯ ಸೀಡಿ ತಂದು ಆಫೀಸಿನ ಕಂಪ್ಯೂಟರಿಗೆ ಹಾಕಿದಳು. ಹಾಕಿದ್ದೇ ತಡ, ಸೀಡಿ ಯಾರನ್ನೂ ಕೇಳದೆ ತಾನಾಗಿ ಶುರುವಾಯಿತು. ಅದರ ಜೊತೆಗೆ ಒಳಗಿದ್ದ ವೈರಸ್ಸೂ ಶುರುವಾಯಿತು. ಪರದೆಯ ಮೇಲೆ ಮದುಮಗಳು ಬಾಗಿಲಲ್ಲಿ ನೀರಿನ ಕೊಡ ಒದೆಯುವಷ್ಟರಲ್ಲಿ ಎರಡು ಅಂತಸ್ತಿನ ಕಂಪ್ಯೂಟರುಗಳು ಮಲಗಿದ್ದವು. ಮೂರು ದಿನ ಡಾಕ್ಟರುಗಳು ಕೈಯಲ್ಲಿ ಚೀಟಿ ಬರೆದರು. ಅವರ ಅಕ್ಷರ ಔಷಧಿ ಅಂಗಡಿಯವರಿಗೂ ಓದಲಾಗದೆ, ರೋಗಿಗಳ ಸಾಲು ಬೀದಿಯವರೆಗೆ ಬೆಳೆಯಿತು. ನಿರ್ದೇಶಕರು ವೆನೆತಾಳನ್ನು ಕರೆಸಿ ಎಲ್ಲರೆದುರೇ ಬೈದರು.

ಆಮೇಲೆ ಅವಳು ಒಂದು ವಾರ ಮೆಟ್ಟಿಲು ಹತ್ತಿ ಇಳಿದಳು. ನಲವತ್ತಾರು ಕಂಪ್ಯೂಟರಿನಲ್ಲೂ ಸೀಡಿ ತಾನಾಗಿ ಶುರುವಾಗುವುದನ್ನು ನಿಲ್ಲಿಸಿದಳು. ಇನ್ನು ಮೇಲೆ ಸೀಡಿ ಹಾಕಿದರೆ ಅದು ತೆಪ್ಪಗೆ ಕೂತಿರುತ್ತದೆ, ಬೇಕಾದವರು ತಾವೇ ತೆರೆಯಬೇಕು. ತೆರೆಯುವುದು ಹೇಗೆ ಎಂದು ಒಂದು ಹಾಳೆಯಲ್ಲಿ ಬರೆದು, 'ಓದಿ ತಿಳಿದುಕೊಂಡಿದ್ದೇವೆ' ಎಂದು ಕೆಳಗೆ ಗೆರೆ ಎಳೆದು, ಸಹಿಗೆ ಕಳಿಸಿದಳು. ಆ ಪಾಲಿಕ್ಲಿನಿಕ್ಕಿನಲ್ಲಿ ಅಂಥ ಹಾಳೆ ದಿನಕ್ಕೆ ಎರಡಾದರೂ ಬರುತ್ತಿತ್ತು. ಬೆಂಕಿ ಬಿದ್ದರೆ ಏನು ಮಾಡಬೇಕು, ಕಸ ಎಲ್ಲಿ ಹಾಕಬೇಕು, ಹೀಗೆ. ಪ್ರತಿ ಅಂತಸ್ತಿನ ನರ್ಸು ಕಾಫಿ ಕುಡಿಯುತ್ತ ತನ್ನ ಅಂತಸ್ತಿನ ಡಾಕ್ಟರುಗಳ ಸಹಿಯನ್ನೆಲ್ಲ ತಾನೇ ಹಾಕಿಬಿಡುತ್ತಿದ್ದಳು. ಕೆಲವರಂತೂ ಡಾಕ್ಟರಿಗಿಂತ ಚೆನ್ನಾಗಿ ಡಾಕ್ಟರ ಸಹಿ ಹಾಕುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ವೆನೆತಾಳಿಗೂ ಗೊತ್ತಿತ್ತು. ಹಾಳೆ ಅದೇ ಮಧ್ಯಾಹ್ನ ಸಹಿ ತುಂಬಿಕೊಂಡು ವಾಪಸು ಬಂತು. ಅವಳು ಫೈಲಿಗೆ ಸೇರಿಸಿ ಕಪಾಟಿಗೆ ಬೀಗ ಹಾಕಿದಳು.

ಅಂದಿನಿಂದ ಏಳು ತಿಂಗಳು, ಒಂದೇ ಒಂದು ವೈರಸ್ ಇಲ್ಲ. ಹದಿನೇಳು ವರ್ಷದ ನೌಕರಿಯಲ್ಲಿ ತಾನು ಸರಿಯಾಗಿ ಮಾಡಿ ಮುಗಿಸಿದ ಕೆಲಸ ಅಂತಿದ್ದರೆ ಇದೊಂದೇ ಎಂದು ಅವಳಿಗೆ ಅನಿಸುತ್ತಿತ್ತು. ಯಾರೂ ಶಭಾಸ್ ಅನ್ನಲಿಲ್ಲ. ಬರದೇ ಇದ್ದ ವೈರಸ್ಸಿಗೆ ಯಾರು ತಾನೇ ಶಭಾಸ್ ಅನ್ನುತ್ತಾರೆ.

ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ಅವಳು ಕಾಗದದಲ್ಲಿ ಸುತ್ತಿದ ಬಾನಿತ್ಸದ, ಎಂದರೆ ಚೀಸು ತುಂಬಿ ಬೇಯಿಸಿದ ಪದರ ರೊಟ್ಟಿಯ, ತುಂಡೊಂದನ್ನು ಬಿಚ್ಚಿ ಇನ್ನೇನು ಬಾಯಿಗಿಡಬೇಕು, ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಗಂಟು.

"ಮಗಳೇ, ಸೀಲು ಹಾಕೋರು ನೀನೇನಾ?"

"ಯಾವ ಸೀಲು ತಾತ? ಸೀಲು ಮೇಲೆ, ಎರಡನೇ ಅಂತಸ್ತು."

"ಅಲ್ಲೇ ಹೋಗಿದ್ದೆ. ಇದು ಕಂಪ್ಯೂಟರಿನ ವಿಷಯ, ಕೆಳಗೆ ಹೋಗು ಅಂದ್ರು." ಅವನು ಕೇಳದೆಯೇ ಕುರ್ಚಿ ಎಳೆದು ಕೂತ. ಹೆಸರು ಲ್ಯುಬೆನ್, ಜೇನು ಸಾಕುವವನು. ಸೆಪ್ಟೆಂಬರಿನಲ್ಲಿ ಪ್ಲಮ್ ಮರದಿಂದ ಬಿದ್ದಿದ್ದ. ಅಂದಿನಿಂದ ತಲೆ ಭಾರ, ಎಡಗೈಯಲ್ಲಿ ಹಿಡಿದ ಲೋಟ ಜಾರಿ ಬೀಳುತ್ತದೆ. ನರದ ಡಾಕ್ಟರು ನಗರಕ್ಕೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಬಾ ಅಂದಿದ್ದರು. "ಮಾಡಿಸ್ಕೊಂಡು ಬಂದೆ. ಡಾಕ್ಟ್ರು ನೋಡಿ ಖಾಲಿ ಅಂದ್ರು. ಇನ್ನೊಂದ್ಸಲ ಹೋದೆ, ಬೇರೆ ಸೀಡಿ ಕೊಟ್ರು. ಅದೂ ಖಾಲಿ. ಇದು ಮೂರನೇದು, ಈಗ್ತಾನೇ ತೋರಿಸ್ದೆ, ಇದೂ ಖಾಲಿ. ನನ್ನ ಹೆಂಡ್ತಿ ಏನಂತಾಳೆ ಗೊತ್ತಾ? 'ಸೀಡಿದೇನು ತಪ್ಪು, ನಿನ್ನ ತಲೇಲಿ ಏನಾದ್ರೂ ಇದ್ರೆ ತಾನೆ ಬರೋದು' ಅಂತಾಳೆ."

ವೆನೆತಾಳಿಗೆ ನಗು ಬಂತು. ತುಂಬ ದಿನವಾಗಿತ್ತು ನಕ್ಕು.

"ಈಗ ನಂಗೆ ಏನ್ಬೇಕು ಅಂದ್ರೆ, ಇದು ಖಾಲಿ ಅಂತ ಒಂದು ಕಾಗದ ಬರ್ಕೊಟ್ಟು ಸೀಲು ಹಾಕು. ನಗರದೋರು ನಂಬ್ತಿಲ್ಲ. ಕೊಟ್ಟಿದ್ದೀವಲ್ಲಪ್ಪ, ನೀನೇ ಹಾಳು ಮಾಡ್ಕೊಂಡಿರ್ಬೇಕು ಅಂತಾರೆ. ನಾನು ನೋಡು, ಹೇಗೆ ಕಟ್ಕೊಂಡು ಬಂದಿದೀನಿ."

ಗಂಟಿನೊಳಗೆ ಇನ್ನೊಂದು ಗಂಟು, ಅದರೊಳಗೆ ಎರಡು ರಟ್ಟಿನ ನಡುವೆ ಸೀಡಿ. ವೆನೆತಾ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿದಳು. ತಾನಾಗಿ ಏನೂ ಆಗಲಿಲ್ಲ. ಪರದೆಯ ಮೂಲೆಯಲ್ಲಿದ್ದ ಪುಟ್ಟ ಕಂಪ್ಯೂಟರಿನ ಚಿತ್ರದ ಮೇಲೆ ಎರಡು ಸಲ ಒತ್ತಿದಳು, ಸೀಡಿಯ ಚಿತ್ರದ ಮೇಲೆ ಎರಡು ಸಲ ಒತ್ತಿದಳು. ಲ್ಯುಬೆನ್ನನ ತಲೆ, ಹೋಳು ಹೋಳಾಗಿ, ಪರದೆಯ ತುಂಬ ಬಂದು ನಿಂತಿತು.

"ಅಯ್ಯೋ, ಇದೆಯಲ್ಲಾ!" ಅಂದ ಮುದುಕ. "ಹೆಂಡ್ತಿಗೆ ತೋರಿಸ್ಬೇಕು."

ವೆನೆತಾಳಿಗೆ ಆಗ ಹೊಳೆಯಿತು. ಡಾಕ್ಟರು ಸೀಡಿ ಹಾಕಿದ್ದಾರೆ, ಅದು ತಾನಾಗಿ ಶುರುವಾಗಲಿ ಎಂದು ಕಾದಿದ್ದಾರೆ, ಶುರುವಾಗಲಿಲ್ಲ, ತೆಗೆದು ಖಾಲಿ ಅಂದಿದ್ದಾರೆ. ಏಳು ತಿಂಗಳಿಂದ. ಬಾನಿತ್ಸ ಮೇಜಿನ ಮೇಲೆಯೇ ಉಳಿಯಿತು. ಅವಳು ಮುದುಕನ ತೋಳು ಹಿಡಿದು ನಾಲ್ಕನೇ ಅಂತಸ್ತಿಗೆ ಹತ್ತಿಸಿದಳು. ಮಧ್ಯೆ ಎರಡು ಕಡೆ ಇಬ್ಬರೂ ನಿಂತು ಸುಧಾರಿಸಿಕೊಂಡರು.

ಡಾಕ್ಟರ್ ತ್ರೆಂದಾಫಿಲೋವ್ ಅವರ ಬಾಗಿಲಲ್ಲಿ ಹದಿನೈದು ಜನ. ಎಲ್ಲರೂ 'ಒಂದೇ ಒಂದು ಮಾತು ಕೇಳ್ಕೊಂಡು ಬಂದ್ಬಿಡ್ತೀನಿ' ಎನ್ನುವವರೇ. ಅವರ ಬೈಗುಳ ತಿನ್ನುತ್ತ ವೆನೆತಾ ಒಳಗೆ ನುಗ್ಗಿದಳು. ಅರವತ್ತಾರು ವರ್ಷದ ಡಾಕ್ಟರು, ಮೂರು ಜಿಲ್ಲೆಗೆ ಒಬ್ಬರೇ. ನಿವೃತ್ತಿ ಕೊಡಿ ಎಂದು ಎರಡು ಸಲ ಬರೆದುಕೊಟ್ಟಿದ್ದರು. ಬದಲಿಗೆ ಬರುವವರು ಸಿಕ್ಕಿರಲಿಲ್ಲ.

"ಡಾಕ್ಟ್ರೇ, ಈ ಸೀಡಿ ಹಾಕಿ."

"ಆಗ್ಲೇ ಹಾಕಿದ್ನಲ್ಲಮ್ಮ." ಆದರೂ ಹಾಕಿದರು. ಕೈಕಟ್ಟಿ ಕೂತರು. ಪರದೆಯ ಮೇಲೆ ಅವರ ಮೊಮ್ಮಗಳ ಫೋಟೋ ನಗುತ್ತಿತ್ತು, ಅಷ್ಟೇ. "ನೋಡು. ಖಾಲಿ. ನಗರದಲ್ಲಿ ಸ್ಕ್ಯಾನ್ ನೋಡಿ ವರದಿ ಬರೀತಿದ್ದ ಡಾಕ್ಟ್ರು ಒಬ್ಬ ಇದ್ದ, ಅವನೂ ಮಾರ್ಚ್‌ನಲ್ಲಿ ಜರ್ಮನಿಗೆ ಹೊರಟೋದ. ಈಗ ಕಾಗದ ಇಲ್ಲ, ಬರೀ ಸೀಡಿ ಕಳಿಸ್ತಾರೆ, ಅದೂ ಖಾಲಿ ಸೀಡಿ. ಎರಡ್ಸಲ ದೂರು ಬರ್ದೆ. ಯಾರು ಕಿವಿ ಮೇಲೆ ಹಾಕ್ಕೋತಾರೆ?"

ವೆನೆತಾ ಅವರ ಭುಜದ ಮೇಲಿಂದ ಬಾಗಿ ಮೌಸು ಹಿಡಿದಳು. ಎರಡು ಸಲ ಒತ್ತಿದಳು. ಮತ್ತೆ ಎರಡು ಸಲ.

ಡಾಕ್ಟರು ಕನ್ನಡಕ ಹಾಕಿಕೊಂಡರು. ಮೌಸನ್ನು ಅವಳ ಕೈಯಿಂದ ಇಸಿದುಕೊಂಡರು. ಮುದುಕನ ಕಡೆ ತಿರುಗಿ, "ಲ್ಯುಬೆನಣ್ಣ, ಆ ಮಂಚದ ಮೇಲೆ ಮಲಗು. ಏಳ್ಬೇಡ," ಅಂದರು. ನರ್ಸು ಮಾರಿಯೆತಾಳಿಗೆ ಆಂಬ್ಯುಲೆನ್ಸ್ ಕರೆಸಲು ಹೇಳಿದರು. ಬುರುಡೆಯ ಒಳಗೆ ರಕ್ತ ಕಟ್ಟಿ ಮೆದುಳನ್ನು ಪಕ್ಕಕ್ಕೆ ಒತ್ತಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಹೇಳುವಂತಿರಲಿಲ್ಲ. ಲ್ಯುಬೆನ್ ಬದುಕಿಕೊಂಡ ಎಂದು ಇಲ್ಲೇ ಹೇಳಿಬಿಡುತ್ತೇನೆ. ಅದೇ ಸಂಜೆ ನಗರದಲ್ಲಿ ಬುರುಡೆಗೆ ತೂತು ಕೊರೆದು ರಕ್ತ ತೆಗೆದರು, ಮೂರನೇ ದಿನ ಅವನು ಸೂಪಿಗೆ ಉಪ್ಪಿಲ್ಲ ಎಂದು ಜಗಳ ತೆಗೆದನಂತೆ. ಸ್ಟ್ರೆಚರಿನ ಮೇಲೆ ಹೋಗುವಾಗಲೂ ಅವನು ಸೀಡಿ ವಾಪಸು ಕೇಳುತ್ತಿದ್ದ, ಹೆಂಡತಿಗೆ ತೋರಿಸಬೇಕಂತೆ.

ಆಂಬ್ಯುಲೆನ್ಸ್ ಹೋದ ಮೇಲೆ ಡಾಕ್ಟರು ಬಾಗಿಲು ಹಾಕಿಸಿದರು. ಹೊರಗೆ ಜನ ಗೊಣಗಿದರು.

"ಯಾವಾಗಿಂದ?"

"ಏಪ್ರಿಲ್‌ನಿಂದ ಡಾಕ್ಟ್ರೇ. ವೈರಸ್ ಬಂದಿತ್ತಲ್ಲ, ಆಮೇಲೆ ನಾನೇ ನಿಲ್ಲಿಸ್ದೆ. ಹೇಗೆ ತೆಗೀಬೇಕು ಅಂತ ಹಾಳೆ ಕಳಿಸಿದ್ದೆ."

"ನಾನು ಯಾವ ಹಾಳೇನೂ ನೋಡಿಲ್ಲ."

"ನಿಮ್ಮ ಸಹಿ ಇದೆ."

ಮಾರಿಯೆತಾ ನೆಲ ನೋಡಿದಳು. ಮುಖ ಕೆಂಪಾಗಿತ್ತು. ಡಾಕ್ಟರು ಅವಳನ್ನು ಬೈಯಲಿಲ್ಲ. "ಸರಿ. ಹಾಳೆ ನಿನ್ನ ಹತ್ರ ಇದೆಯಲ್ಲ, ನೀನು ಗೆದ್ದೆ ಬಿಡು," ಎಂದು ವೆನೆತಾಳಿಗೆ ಹೇಳಿ, ಮೇಜಿನ ಕೆಳಗಿನ ಡ್ರಾಯರನ್ನು ಎಳೆದರು. ಅದರಲ್ಲಿ ಸೀಡಿಗಳ ಒಂದು ಕಟ್ಟು ಇತ್ತು. ದೂರಿನ ಜೊತೆ ಕಳಿಸಲು ಎಂದು ಎತ್ತಿಟ್ಟದ್ದು. ಪ್ರತಿಯೊಂದರ ಮೇಲೂ ರೋಗಿಯ ಹೆಸರು, ತಾರೀಖು, ಕೆಳಗೆ ಡಾಕ್ಟರ ದಪ್ಪ ಅಕ್ಷರದಲ್ಲಿ 'ಖಾಲಿ'. ಹತ್ತೊಂಬತ್ತು ಇದ್ದವು.

ಆ ಮಧ್ಯಾಹ್ನ ಯಾರೂ ಊಟಕ್ಕೆ ಹೋಗಲಿಲ್ಲ. ವೆನೆತಾ ಒಂದೊಂದೇ ಸೀಡಿ ಹಾಕಿ ತೆರೆದಳು, ಡಾಕ್ಟರು ನೋಡಿದರು, ಮಾರಿಯೆತಾ ಬರೆದುಕೊಂಡಳು. ಒಂದೂ ಖಾಲಿ ಇರಲಿಲ್ಲ. ಹೆಚ್ಚಿನವು ಸವೆದ ಬೆನ್ನುಮೂಳೆ, ಹಳೇ ತಲೆನೋವು. ಆ ಜನಕ್ಕೆ ದಂಡವಾದದ್ದು ಬಸ್ಸಿನ ಓಡಾಟ, ಅಷ್ಟೇ. ಇಬ್ಬರನ್ನು ಈ ವಾರವೇ ಕರೆಸಬೇಕು ಅಂದರು. ಪ್ರತಿ ಸಲ ಡಾಕ್ಟರು 'ಹೂಂ, ಮುಂದೆ' ಅಂದಾಗ ವೆನೆತಾಳಿಗೆ ಹೋದ ಜೀವ ಬಂದಂತಾಗುತ್ತಿತ್ತು.

ಹದಿನಾರನೆಯದಕ್ಕೆ ಅವರು ಮುಂದೆ ಅನ್ನಲಿಲ್ಲ. ಸ್ಪಾಸ್ ಗೆಂಚೆವ್, ಐವತ್ತೆಂಟು ವರ್ಷ, ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸ. ಜೂನ್ ಹನ್ನೆರಡು.

"ಮೆದುಳಲ್ಲಿ ಗಂಟು, ಇಲ್ಲಿದೆ ನೋಡು. ಹೊರಗಡೇನೇ ಇದೆ, ಕೈಗೆ ಸಿಗೋ ಜಾಗ," ಅಂದರು ಡಾಕ್ಟರು. "ಜೂನ್‌ನಲ್ಲೇ ನೋಡಿದ್ರೆ ತೆಗೀಬಹುದಿತ್ತು. ಈಗ ಎಷ್ಟಾಗಿದ್ಯೋ. ಮಾರಿಯೆತಾ, ಫೋನ್ ಮಾಡು."

"ನಾನು ಮಾಡ್ತೀನಿ," ಅಂದಳು ವೆನೆತಾ.

ಯಾಕೆಂದರೆ ಜೂನ್ ಹನ್ನೆರಡು ಅವಳಿಗೆ ನೆನಪಿತ್ತು. ಮಾರಿಯೆತಾಳಿಗೆ ನೆನಪಿರಲಿಲ್ಲ, ಡಾಕ್ಟರಿಗೆ ಗೊತ್ತೇ ಇರಲಿಲ್ಲ. ಅವತ್ತು ಸೆಕೆ, ಲಿಫ್ಟು ಕೆಟ್ಟಿತ್ತು, ಅವಳು ಬೆಳಿಗ್ಗೆಯಿಂದ ಮೂರು ಸಲ ನಾಲ್ಕನೇ ಅಂತಸ್ತಿಗೆ ಹತ್ತಿ ಇಳಿದು, ಚಪ್ಪಲಿ ಬಿಚ್ಚಿ ಕಾಲನ್ನು ತಣ್ಣನೆ ನೆಲಕ್ಕೆ ಊರಿ ಕೂತಿದ್ದಳು. ಆಗ ಫೋನು ಬಂತು. 'ಅಕ್ಕ, ಡಾಕ್ಟ್ರು ಸೀಡಿ ಹಾಕಿದ್ರೆ ಏನೂ ಬರ್ತಿಲ್ಲ, ಒಂದ್ಸಲ ಬಂದು ನೋಡ್ತೀಯಾ?' ಅಂದಿದ್ದಳು ಮಾರಿಯೆತಾ. ವೆನೆತಾ ಏಳಲಿಲ್ಲ. 'ಖಾಲಿ ಇರ್ಬೇಕು ಕಣೇ, ಬೇರೆ ತರೋಕೆ ಹೇಳು' ಅಂದುಬಿಟ್ಟಳು. ಖಾಲಿ ಎಂಬ ಮಾತು ಮೊದಲು ಬಂದದ್ದು ಅವಳ ಬಾಯಿಂದಲೇ. ಡಾಕ್ಟರು ಆಮೇಲೆ ಅದನ್ನು ಬರೆಯುತ್ತ ಹೋದರು. ನಾಲ್ಕು ಅಂತಸ್ತು ಹತ್ತಿದ್ದರೆ ಮುಗಿಯುತ್ತಿತ್ತು. ಕಪಾಟಿನಲ್ಲಿದ್ದ ಹಾಳೆಯಲ್ಲಿ ಈ ವಿಷಯ ಇರಲಿಲ್ಲ.

ಫೋನು ಎತ್ತಿದ್ದು ಹೆಂಗಸು. ಹಿಂದೆ ಕೋಳಿಗಳ ಸದ್ದು.

"ಪಾಲಿಕ್ಲಿನಿಕ್ಕಿಂದ ಮಾತಾಡ್ತಿದೀನಿ. ಸ್ಪಾಸ್ ಗೆಂಚೆವ್ ಅವರು ಇದ್ದಾರಾ?"

"ಇಲ್ಲಮ್ಮ. ಸೆಪ್ಟೆಂಬರ್‌ನಲ್ಲಿ ಹೋಗ್ಬಿಟ್ರು. ನಲವತ್ತನೇ ದಿನದ ಪ್ರಾರ್ಥನೇನೂ ಕಳೀತು." ದನಿಯಲ್ಲಿ ಅಳು ಇರಲಿಲ್ಲ. ಹೇಳಿ ಹೇಳಿ ಸವೆದ ಮಾತು. "ನಾನು ಹೆಂಡ್ತಿ, ಇಲೀನ್ಕಾ. ಏನ್ಬೇಕಿತ್ತು?"

ವೆನೆತಾ ಗೋಡೆಗೆ ಒರಗಿದಳು. "ಅವರ ಸೀಡಿ ಇಲ್ಲೇ ಉಳಿದಿತ್ತು..."

"ಓ, ಆ ಹಾಳಾದ ಸೀಡಿನಾ? ಬಿಸಾಕಿ. ಖಾಲಿ ಅದು. ಅದೊಂದಕ್ಕೆ ನಾನು ಅವ್ರನ್ನ ಎಷ್ಟು ಬೈದೆ ಗೊತ್ತಾ? ಬಸ್ಸಲ್ಲಿ ಅದರ ಮೇಲೆ ಕೂತ್ಕೊಂಡಿದೀಯ, ಇಲ್ಲಾ ಟೂಲ್ಸ್ ಚೀಲಕ್ಕೆ ಹಾಕ್ಕೊಂಡು ಉಜ್ಜಿದೀಯ, ಒಂದು ಸಾಮಾನು ನೆಟ್ಟಗೆ ತರೋಕೆ ಬರಲ್ಲ ನಿಂಗೆ ಅಂತ. ಅವ್ರು 'ಇಲ್ವೇ, ತೊಡೆ ಮೇಲೆ ಇಟ್ಕೊಂಡು ಬಂದೆ' ಅಂತಿದ್ರು. ನಾಚ್ಕೆ ಆಗಿ ಇನ್ನೊಂದ್ಸಲ ನಗರಕ್ಕೆ ಹೋಗ್ಲೇ ಇಲ್ಲ. ಆಸ್ಪತ್ರೆ ಸೇರಿದ್ಮೇಲೂ ನಾನು ಸುಮ್ನಿರ್ಲಿಲ್ಲ. ನಾಲಿಗೆ ನೋಡಿ ನಂದು."

ಹಾಗೇ ಇಟ್ಟುಬಿಡಬಹುದಿತ್ತು. 'ಸರಿ ಅಮ್ಮ, ಬಿಸಾಕ್ತೀನಿ' ಎಂದರೆ ಮುಗಿಯಿತು. ಹೋದವನು ಹೋದ. ಹೆಂಡತಿ ಕೋಳಿಗೆ ಕಾಳು ಹಾಕಲು ಹೋಗುತ್ತಾಳೆ, ಗಂಡನೇ ಸೀಡಿ ಹಾಳು ಮಾಡಿದ ಎಂದುಕೊಂಡು, ತಾನು ಅವನನ್ನು ಸುಮ್ಮನಿರಲು ಬಿಡಲಿಲ್ಲ ಎಂದುಕೊಂಡು, ಉಳಿದ ದಿನ ಕಳೆಯುತ್ತಾಳೆ. ಕಪಾಟಿನಲ್ಲಿ ಹಾಳೆ ಇದೆ. ಈಗ ಆದಷ್ಟು ಆಯಾಸ ವೆನೆತಾಳಿಗೆ ಯಾವ ಮೆಟ್ಟಿಲು ಹತ್ತಿದಾಗಲೂ ಆಗಿರಲಿಲ್ಲ.

"ಖಾಲಿ ಇರ್ಲಿಲ್ಲಮ್ಮ," ಅಂದಳು. "ಅವ್ರು ಸರಿಯಾಗೇ ತಂದಿದ್ರು. ನಮಗೆ ನೋಡೋಕೆ ಬರ್ಲಿಲ್ಲ."

ಆ ಕಡೆ ಇಲೀನ್ಕಾ ಕೋಳಿಗಳನ್ನು ಗದರಿಸಿ ಓಡಿಸಿದಳು.

"ನಿಮ್ಮ ಹೆಸ್ರೇನು?" ಎಂದು ಇಲೀನ್ಕಾ ಕೇಳಿದಳು. ವೆನೆತಾ ಪೂರ್ತಿ ಹೆಸರು ಹೇಳಿದಳು. ನೆಲಮಾಳಿಗೆಯ ಕೊನೆಯ ಬಾಗಿಲು ಎಂದೂ ಹೇಳಿದಳು. "ನಾಳೆ ಮೊದಲ್ನೇ ಬಸ್ಸಿಗೆ ಬರ್ತೀನಿ," ಎಂದು ಆ ಕಡೆಯಿಂದ ಫೋನು ಇಟ್ಟ ಸದ್ದಾಯಿತು.

ಬಂದಳು. ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ, ಗಿಡ್ಡ ಗಟ್ಟಿ ಹೆಂಗಸು. ತೀರಿಕೊಂಡವರ ಹೆಸರಲ್ಲಿ ಗೋಧಿ ಬೇಯಿಸಿ ಹಂಚುವ 'ಸತ್ತವರ ಶನಿವಾರ' ಮಾರನೇ ದಿನವೇ ಇದ್ದುದರಿಂದ ಕೈಯಲ್ಲಿ ಬೇಯಿಸಿದ ಗೋಧಿಯ ಪಾತ್ರೆ, ಸಕ್ಕರೆ ಹಾಕಿದ್ದು. ಹೇಗೂ ಊರಿಗೆ ಬರುತ್ತೇನಲ್ಲ ಎಂದು ತಂದಿರಬೇಕು. ದಾರಿಯಲ್ಲಿ ಕಾವಲುಗಾರನಿಗೂ ಕೊಟ್ಟು ಬಂದಿದ್ದಳು. ಕೋಣೆಗೆ ಬಂದವಳೇ ಒಂದು ಕಾಗದದ ಲೋಟ ವೆನೆತಾಳ ಕೈಗಿಟ್ಟಳು. "ಸ್ಪಾಸ್ ಹೆಸ್ರಲ್ಲಿ ತಿನ್ನಿ."

ಇಂಥದ್ದನ್ನು ಬೇಡ ಅನ್ನುವಂತಿಲ್ಲ. "ದೇವರು ಅವರನ್ನ ಕ್ಷಮಿಸ್ಲಿ," ಎಂದು ಎಲ್ಲರೂ ಹೇಳುವ ಮಾತನ್ನೇ ಹೇಳಿ ವೆನೆತಾ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ನುಂಗಿ, ಲೋಟ ಕೆಳಗಿಟ್ಟು, ರಾತ್ರಿಯಿಡೀ ಜೋಡಿಸಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ವೈರಸ್ಸು, ಹಾಳೆ, ಸಹಿ, ಜೂನ್ ಹನ್ನೆರಡರ ಫೋನು, ತಾನು ಎದ್ದು ಹೋಗದೇ ಇದ್ದದ್ದು. ಡಾಕ್ಟರದು ತಪ್ಪಿಲ್ಲ ಎಂದೂ ಹೇಳಿದಳು, ಅದು ಪೂರ್ತಿ ನಿಜವಲ್ಲದಿದ್ದರೂ. ಇಲೀನ್ಕಾಳಿಗೆ ಎಷ್ಟು ಅರ್ಥವಾಯಿತೋ.

"ತೋರ್ಸಿ," ಅಂದಳು.

ವೆನೆತಾ ಸೀಡಿಯನ್ನು ಕಂಪ್ಯೂಟರಿಗೆ ಹಾಕಿದಳು. ಇಬ್ಬರೂ ಪರದೆ ನೋಡುತ್ತ ಕೂತರು. ಸೀಡಿ ಗಿರ್ರನೆ ತಿರುಗಿ ನಿಂತಿತು. ಏನೂ ಬರಲಿಲ್ಲ.

"ಇಲ್ಲಿಗೇ ಬಿಟ್ಬಿಟ್ಟಿರಾ?"

"ಹೌದು. ಇಲ್ಲಿಗೇ."

ವೆನೆತಾ ಎರಡು ಸಲ ಒತ್ತಿದಳು, ಮತ್ತೆ ಎರಡು ಸಲ ಒತ್ತಿದಳು. ಸ್ಪಾಸ್ ಗೆಂಚೆವ್ ಎಂಬ ಹೆಸರೂ ಅವನ ತಲೆಯೊಳಗಿನ ಚಿತ್ರಗಳೂ ಸಾಲಾಗಿ ಬಂದವು. ಇಲೀನ್ಕಾ ಮುಂದಕ್ಕೆ ಬಾಗಿದಳು. ಗಂಟು ಎಲ್ಲಿದೆ ಎಂದು ಕೇಳಲಿಲ್ಲ. ಪರದೆಯ ಮೇಲೆ ಹಣೆಯಿದ್ದ ಕಡೆ ಬೆರಳು ಆಡಿಸಿದಳು. "ತೊಡೆ ಮೇಲೇ ಇಟ್ಕೊಂಡು ಬಂದಿದೀಯ," ಎಂದು ಅವನಿಗೇ ಹೇಳಿದಳು. ಆಮೇಲೆ ವೆನೆತಾಳ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ವೆನೆತಾ ಕಾದಳು. ಬೈದರೆ ಸಾಕು ಅನಿಸುತ್ತಿತ್ತು.

"ಇಷ್ಟೇನಾ?"

"ಇಷ್ಟೇ ಅಮ್ಮ."

"ಅದನ್ನ ಮುಚ್ಚಿ. ತೆಗ್ದು ನನ್ನ ಕೈಗೆ ಕೊಡಿ. ನಾನೇ ಹಾಕ್ತೀನಿ."

ವೆನೆತಾ ಕೊಟ್ಟಳು. ಇಲೀನ್ಕಾ ಜೀವಮಾನದಲ್ಲಿ ಕಂಪ್ಯೂಟರು ಮುಟ್ಟಿದವಳಲ್ಲ. ಸೀಡಿಯನ್ನು ತಲೆವಸ್ತ್ರದ ತುದಿಯಲ್ಲಿ ಹಿಡಿದು ತಟ್ಟೆಯ ಮೇಲಿಟ್ಟು ಒಳಕ್ಕೆ ತಳ್ಳಿದಳು. ಕಾದಳು. ಮೌಸನ್ನು ಇಡೀ ಅಂಗೈಯಲ್ಲಿ ಮುಚ್ಚಿ ಹಿಡಿದು, ಬಾಣದ ಗುರುತನ್ನು ತಡವುತ್ತ ಚಿತ್ರದ ಮೇಲೆ ತಂದು, ಈರುಳ್ಳಿ ಕಿತ್ತು ಒರಟಾದ ಬೆರಳಲ್ಲಿ ಎರಡು ಸಲ ಒತ್ತಿದಳು. ಆಮೇಲೆ ಇನ್ನೆರಡು ಸಲ ಒತ್ತಿದಳು.

ಮೊದಲನೇ ಸಲಕ್ಕೇ ತೆರೆಯಿತು.